ಮರುಳಪ್ಪ ನೀಲಿಯಾದದ್ದು

ಕತ್ತರಿ ಕೆಳಗಿಟ್ಟ ದಿನವೇ ಮರುಳಪ್ಪ ಘೋಷಣೆ ಮಾಡಿಬಿಟ್ಟ. ಎಲ್ಲಿ ಅಂತೀರಿ? ರಾಯದುರ್ಗದ ನಡುಬೀದಿಯಲ್ಲಿ, ಚಹಾ ಅಂಗಡಿಯ ಮುಂದೆ, ಓಣಿಯ ಮುಕ್ಕಾಲು ಪಾಲು ದರ್ಜಿಗಳು ಲೋಟ ಹಿಡಿದು ಕೂತಿರುವಾಗ. ಇನ್ನು ತಾನು ಮನೆಯಲ್ಲಿ ಕೂರುವವನಲ್ಲ, ಮನೆಯೇ ತನ್ನ ಜೊತೆ ಹೊರಡುತ್ತದೆ. ಚಕ್ರದ ಮೇಲೆ ಅಡುಗೆ, ಚಕ್ರದ ಮೇಲೆ ಮಂಚ, ಚಕ್ರದ ಮೇಲೆ ಹೆಂಡತಿ! ನೇರ ರಾಮೇಶ್ವರ, ಸಮುದ್ರ ಅಡ್ಡ ಬಂದಾಗಲೇ ಬ್ರೇಕು! ಅದೂ ಸಾಲದೆಂದು ಇನ್ನೊಂದು ಮಾತು ಸೇರಿಸಿದ: ಗಾಡಿಯ ಒಳಗಿನ ಒಂದೊಂದು ಬಟ್ಟೆಯೂ ತನ್ನ ಕೈಯಲ್ಲೇ ಕತ್ತರಿಸಿ ಹೊಲಿದದ್ದಾಗಿರುತ್ತದೆ, ಇನ್ನೊಬ್ಬರ ಟೇಪು ಅದನ್ನು ಮುಟ್ಟುವಂತಿಲ್ಲ.

ಮಾತು ಸುಳ್ಳಲ್ಲ ಬಿಡಿ. ಮರುಳಪ್ಪನ ಕತ್ತರಿ ಅಂಥಾದ್ದು. ಅಮರಾಪುರದ ಕಡೆಯ ಹುಡುಗರೆಲ್ಲ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ಇವನೊಬ್ಬ ಉಲ್ಟಾ ದಿಕ್ಕಿಗೆ ಹೊರಟು ರಾಯದುರ್ಗಕ್ಕೆ ಬಂದ. ಪೆದ್ದಣ್ಣನ ಗಾರ್ಮೆಂಟಿನಲ್ಲಿ ಗುಂಡಿ ಹಚ್ಚಲು ಸೇರಿ, ಕಟಿಂಗ್ ಮಾಸ್ಟರ್ ಆಗಿ ಹೊರಬಿದ್ದ. ಜೀನ್ಸ್ ಬಟ್ಟೆಯನ್ನು ಥಾನಿನ ಮೇಲೆ ಥಾನು ಹಾಸಿ ಅವನು ಕತ್ತರಿ ಆಡಿಸಿದರೆ ಚಿಂದಿ ಕೂಡ ಲೆಕ್ಕದಲ್ಲೇ ಬೀಳುತ್ತಿತ್ತು. ಅಲ್ಲೇ ಮೂಲೆಯ ಮಷೀನಿನಲ್ಲಿ ಜಿಪ್ಪು ಕೂಡಿಸುತ್ತಿದ್ದವಳು ಪಂಪಮ್ಮ. ಮುಂದಿನದು ನಿಮಗೆ ಗೊತ್ತೇ ಇದೆ, ಮದುವೆಯಾಯಿತು.

ಮದುವೆಯ ಹೊಸತರಲ್ಲಿ ಒಮ್ಮೆ ಉಮೇದಿನಲ್ಲಿ ಮರುಳಪ್ಪ ಹೆಂಡತಿಗೆ ಸಮುದ್ರ ತೋರಿಸುತ್ತೇನೆ ಅಂದಿದ್ದ. ಆಮೇಲೆ ದಸರಾ ಆರ್ಡರು ಬಂತು, ಯುಗಾದಿ ಆರ್ಡರು ಬಂತು, ಮಗಳ ಓದು, ಅವಳ ಮದುವೆ, ಮತ್ತೆ ದಸರಾ. ಪಂಪಮ್ಮ ನೆನಪಿಸಿ ಜಗಳ ತೆಗೆದವಳಲ್ಲ. ಆದರೆ ಆಗಾಗ, ಕಟಿಂಗ್ ಟೇಬಲ್ಲಿನ ಮೇಲೆ ಹೊಸ ನೀಲಿ ಥಾನು ಉದ್ದಕ್ಕೂ ಬಿಚ್ಚಿಕೊಂಡಾಗ, ಮಷೀನು ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. "ಸಮುದ್ರ ಹಿಂಗಾ ಇರತೈತೇನ್ರಿ?" ಅಂತ ಕೇಳುತ್ತಿದ್ದಳು. ಕಂಡಿದ್ದರಲ್ಲವೇ ಹೇಳುವುದು! ಮರುಳಪ್ಪ ಕತ್ತರಿಯ ಸದ್ದು ಜೋರು ಮಾಡುತ್ತಿದ್ದ.

ಗಾಡಿ ಯಾವುದು ಗೊತ್ತೇ? ಪೆದ್ದಣ್ಣನ ಹಳೇ ಟೆಂಪೊ. ಕತ್ತರಿಸಿದ ಬಟ್ಟೆಯ ಬಂಡಲುಗಳನ್ನು ಸುತ್ತಲ ಹಳ್ಳಿಯ ಹೆಂಗಸರಿಗೆ ಹೊಲಿಯಲು ಹಂಚಿ ಬರುತ್ತಿದ್ದದ್ದು ಅದೇ. ಮರುಳಪ್ಪ ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಮುಂದೆ ಡ್ರೈವರಿಗೊಂದು ಗೂಡು, ಹಿಂದೆ ತಗಡಿನ ದೊಡ್ಡ ಡಬ್ಬಿ. ಎರಡರ ಮಧ್ಯೆ ಭದ್ರವಾದ ಗೋಡೆ. ಹಿಂಬಾಗಿಲ ಚಿಲಕ ಇದ್ದದ್ದು ಹೊರಗಡೆ. ಬಂಡಲುಗಳು ತಾವಾಗಿ ಇಳಿದು ಹೋಗುವವಲ್ಲವಲ್ಲ, ಒಳಗೆ ಚಿಲಕ ಯಾರಿಗೆ ಬೇಕು? ವೆಲ್ಡಿಂಗಿನವನು ಮಂಚ ಕೂರಿಸಿದ, ಒಲೆಗೆ ಕಟ್ಟೆ ಮಾಡಿದ, ಕಿಟಕಿಗೆ ಸರಳು ಹಾಕಿದ, ಸಾಮಾನು ತೂಗಹಾಕಲು ಛಾವಣಿಗೆ ತೂತು ಕೊರೆದು ಕೊಕ್ಕೆ ಬಿಗಿದ. ಚಿಲಕದ ವಿಷಯ ಯಾರಿಗೂ ಹೊಳೆಯಲೇ ಇಲ್ಲ.

ಆಮೇಲೆ ಮರುಳಪ್ಪ ಅಖಾಡಕ್ಕಿಳಿದ. ಗಿರಣಿಯಿಂದ ಬಂದಂತೆಯೇ ಇದ್ದ, ನೀರು ಕಾಣದ ಕಡುನೀಲಿ ಜೀನ್ಸಿನ ಥಾನೊಂದನ್ನು ಇಡಿಯಾಗಿ ಬಿಚ್ಚಿದ. ಹಾಸಿಗೆಗೆ ಜೀನ್ಸು, ಕಿಟಕಿಗೆ ಜೀನ್ಸು, ತಗಡಿನ ಛಾವಣಿ ಕಾಯಬಾರದೆಂದು ಅದರ ಒಳಗೂ ಜೀನ್ಸು! ಕೈ ಅಭ್ಯಾಸ ಬಿಡಬೇಕಲ್ಲ. ಹಾಸಿಗೆಗೆ ಹಿಂಭಾಗದಲ್ಲಿ ಎರಡು ಜೇಬು ಬಂದವು, ಪರದೆಗೆ ಬೆಲ್ಟಿನ ಪಟ್ಟಿ ಬಂತು, ತಲೆದಿಂಬಿಗೆ ಜಿಪ್ಪು. ಪಂಪಮ್ಮ ಹಾಸಿಗೆಯ ಜೇಬಿನಲ್ಲಿ ಎಲೆಅಡಿಕೆ ಇಟ್ಟುಕೊಂಡಳು. ಅದಕ್ಕೇನೂ ತಕರಾರು ಮಾಡಲಿಲ್ಲ. ಒಂದೇ ಒಂದು ಮಾತು ಹೇಳಿದಳು.

"ಒಂದ್ಸಲ ನೀರಾಗ ಅದ್ದಿ ತಗೀರಿ. ಹಸೀ ಬಟ್ಟಿ, ಬಣ್ಣ ಬಿಡತೈತಿ."

"ಕಟಿಂಗ್ ಮಾಸ್ಟ್ರು ನಾನೋ ನೀನೋ? ತೊಳುದ್ರೆ ಕುಗ್ತೈತೆ ಕಣೆ, ನನ್ನ ಅಳತೆ ಕೆಡ್ತೈತೆ."

ಅವನ ತಪ್ಪೂ ಅಲ್ಲ ಅನ್ನಿ. ರಾಯದುರ್ಗದಲ್ಲಿ ಕತ್ತರಿಸುವುದು, ಹೊಲಿಯುವುದು ಮಾತ್ರ. ತೊಳೆಯಲಿಕ್ಕೆ ಎಲ್ಲ ಮಾಲೂ ಲಾರಿ ಹತ್ತಿ ಬಳ್ಳಾರಿಗೆ ಹೋಗುತ್ತಿತ್ತು. ಬದುಕೆಲ್ಲ ಜೀನ್ಸು ಕತ್ತರಿಸಿದ ಮನುಷ್ಯ ಅದು ನೀರಿಗೆ ಬಿದ್ದಾಗ ಏನು ಮಾಡುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ತೊಳೆಯುವುದು ತನ್ನ ಡಿಪಾರ್ಟ್‌ಮೆಂಟ್ ಅಲ್ಲ ಎಂಬುದೇ ಅವನಿಗೊಂದು ಹೆಮ್ಮೆ.

ಹೊರಡುವ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು, ತೆಂಗಿನಕಾಯಿ ಒಡೆದದ್ದಾಯಿತು. ಇಡೀ ಓಣಿ ಬಂದು ಹಾಸಿಗೆಯ ಜೇಬಿಗೆ ಕೈ ಹಾಕಿ ನೋಡಿ ಹೋಯಿತು. ಪಂಪಮ್ಮ ಹತ್ತುವ ಮೊದಲು ಷರತ್ತು ಹಾಕಿದಳು. ಸಮುದ್ರ ನೋಡದೆ ಈ ಗಾಡಿ ವಾಪಸು ತಿರುಗಿದರೆ ತಾನು ಮತ್ತೆ ಇದನ್ನು ಹತ್ತುವುದಿಲ್ಲ, ಮೊದಲಿನಂಗೆ ಬಂಡಲು ತುಂಬಿಕೊಳ್ಳಬಹುದು. ನಗುತ್ತಲೇ ಹೇಳಿದಳು. ಆದರೆ ಹಾಗೆ ನಗುತ್ತ ಹೇಳಿದ್ದನ್ನು ಅವಳು ಎಂದೂ ಬದಲಿಸಿದವಳಲ್ಲವೆಂದು ಮರುಳಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಅಮರಾಪುರದಲ್ಲಿ ಅಕ್ಕ ಕೆಂಪಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಪಕ್ಕದ ಹೇಮಾವತಿ ಊರಿನ ಸಿದ್ಧೇಶ್ವರನಿಗೆ ಕೈಮುಗಿದು ಮುಂದಕ್ಕೆ, ಅಂತ ಏರ್ಪಾಟು. ಕಲ್ಯಾಣದುರ್ಗ ದಾಟುವಷ್ಟರಲ್ಲಿ ಬಿಸಿಲು ಕೆಂಡ. ದಾರಿಬದಿಯ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಕಟ್ಟಿ ತಂದ ಚಿತ್ರಾನ್ನ ತಿಂದು, ಮರುಳಪ್ಪ ಅಂಗಿ ಕಳಚಿ ತನ್ನ ಹಾಸಿಗೆಯ ಮೇಲೆ ಮಹಾರಾಜನಂತೆ ಮಲಗಿದ. ಮಲಗುವಾಗ ಸೊಂಟದ ಹತ್ತಿರ ಏನೋ ಚುರ್ ಅಂತ ಚುಚ್ಚಿತು. ನಿದ್ದೆಯ ಮುಂದೆ ಅದೇನು ಲೆಕ್ಕ? ಪಂಪಮ್ಮ ಎದುರಿನ ಗುಡಿಸಲಿನಲ್ಲಿ ಕುರಿ ಕಾಯುವ ಹೆಂಗಸರ ಜೊತೆ ಮಾತಿಗೆ ಕೂತಳು.

ಅಷ್ಟರಲ್ಲಿ ಒಂದು ಮಳೆ ಬಂತು ನೋಡಿ. ಬೇಸಿಗೆ ಮಳೆ, ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಕೊಕ್ಕೆಯ ತೂತುಗಳಿಂದ ನೀರಿಳಿದು ಛಾವಣಿಯ ಜೀನ್ಸನ್ನು ನೆನೆಸಿತು. ಛಾವಣಿಯ ಜೀನ್ಸು ಮರುಳಪ್ಪನನ್ನು ನೆನೆಸಿತು. ಅವನು ಎದ್ದಾಗ ಮೈ ತಂಪು ತಂಪು. ಕತ್ತಲಾಗುವ ಮುಂಚೆ ಊರು ಸೇರುವ ಅವಸರದಲ್ಲಿ ಮೈಕೈ ನೋಡಿಕೊಳ್ಳದೆ, ಟವೆಲ್ಲು ತಲೆಗೆ ಸುತ್ತಿ, ಮೈ ಒಣಗಲೆಂದು ಬರಿಮೈಯಲ್ಲೇ ಮುಂದೆ ಹೋಗಿ ಕೂತ. ಮುಸುರೆ ಪಾತ್ರೆ ಎತ್ತಿಕೊಂಡು ಪಂಪಮ್ಮ ಹಿಂದೆ ಹತ್ತಿದ್ದು ಕನ್ನಡಿಯಲ್ಲಿ ಕಂಡಿತು. ಇಳಿದು ಹೋಗಿ ಬಾಗಿಲು ಎಳೆದು, ಹಳೇ ಅಭ್ಯಾಸದಂತೆ ಚಿಲಕ ಜಡಿದು ಬಂದ. ಒಳಗೆ ಅವಳು ನೆಲ ಒರೆಸಿದಳು. ಒರೆಸಿದ ಬಟ್ಟೆ ನೀಲಿ, ಬಕೆಟ್ಟು ನೀಲಿ, ಮೊಣಕೈವರೆಗೆ ಕೈ ನೀಲಿ. ಬೈಗುಳವೆಲ್ಲ ಒಟ್ಟು ಮಾಡಿಟ್ಟುಕೊಂಡಳು, ಇಳಿದ ಮೇಲೆ ಒಂದೇ ಸಲ ಕೊಡೋಣವೆಂದು.

ಅಮರಾಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕೆಂಪಕ್ಕ ಆರತಿ ತಟ್ಟೆ ಹಿಡಿದು ಬಂದವಳು ತಮ್ಮನ ಮುಖ ನೋಡಿ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು.

"ಲೇ ಮರುಳ, ಮಕ ಯಾಕ್ಲಾ ಹಿಂಗಾಗೈತೆ? ಎಲ್ಲಿ ಮಲ್ಗಿದ್ದೆ?"

ಹುಣಸೆಮರದ ಕೆಳಗೆ ಅಂದ. ಕೆಂಪಕ್ಕ ಕಣ್ಣರಳಿಸಿದಳು. ಏನಾದರೂ ಚುಚ್ಚಿತಾ ಅಂತ ಕೇಳಿದಳು. ಸೊಂಟದ ಹತ್ತಿರ ಚುರ್ ಅಂದದ್ದು ನಿಜ ಅಂದ. ಅನ್ನುತ್ತ, ದಿನವೆಲ್ಲ ಗಾಡಿ ಓಡಿಸಿದ ಆಯಾಸಕ್ಕೆ ಬಾಯಿತುಂಬ ಒಂದು ಆಕಳಿಕೆ ತೆಗೆದ. ಮುಗಿಯಿತು ಕಥೆ! "ಅಯ್ಯೋ, ಹುಳ ಮುಟ್ಟೈತೆ ಇವನ್ಗೆ" ಎಂದು ಕೆಂಪಕ್ಕ ಎದೆ ಬಡಿದುಕೊಂಡಳು. ಹಾವಿನ ಹೆಸರು ಎತ್ತಬಾರದೆಂದು ಹುಳ ಅನ್ನುವುದು ಅಲ್ಲಿನ ರೂಢಿ. ಹೆಸರೆತ್ತದಿದ್ದರೇನು, ಅರ್ಧ ಊರು ಬಂದು ನಿಂತಿತು. ಒಬ್ಬ ಅವನನ್ನು ಜಗಲಿಯ ಮೇಲೆ ಕೂರಿಸಿದ, ಇನ್ನೊಬ್ಬ ನಿದ್ದೆ ಮಾಡಬಾರದೆಂದು ಕೆನ್ನೆ ತಟ್ಟಿದ, ಆಸ್ಪತ್ರೆಗೆ ಒಯ್ಯಲು ಆಟೊ ತರಲಿಕ್ಕೆ ಮತ್ತೊಬ್ಬ ಓಡಿದ.

ಅಷ್ಟರಲ್ಲಿ ಯಾರೋ ಬೇವಿನ ಸೊಪ್ಪು ಮುರಿದು ತಂದರು. ವಿಷ ಏರಿದ್ದರೆ ಬೇವು ಕಹಿಯಾಗುವುದಿಲ್ಲ, ಕಹಿಯಾದರೆ ಬದುಕಿದ ಅಂತ ಲೆಕ್ಕ. ಮರುಳಪ್ಪನೋ ಸಕ್ಕರೆ ಕಾಯಿಲೆಯವನು, ದಿನಾ ಬೆಳಿಗ್ಗೆ ಮುಷ್ಟಿ ಬೇವು ಮೇಯುವವನು. ಇಷ್ಟು ಜನ ನೋಡುತ್ತಿರುವಾಗ ಮುಖ ಕಿವುಚುವುದುಂಟೇ? ಕಚಕಚ ಅಗಿದು ನುಂಗಿ, ಕಹಿಯೇನೂ ಇಲ್ಲ, ಇನ್ನೊಂದು ಹಿಡಿ ಕೊಟ್ಟರೂ ತಿಂದೇನು ಅಂದ! ಹೆಂಗಸರು ಗೊಳೋ ಎಂದು ಅತ್ತರು.

ಆಗ ಮರುಳಪ್ಪ ತನ್ನ ಕೈ ತಿರುಗಿಸಿ ನೋಡಿಕೊಂಡ. ನೀಲಿ. ಹೊಟ್ಟೆ ನೋಡಿಕೊಂಡ. ನೀಲಿ. ಅಲ್ಲಿಯವರೆಗೆ ಊರಿಗೆ ಮಾತ್ರ ಇದ್ದ ನಂಬಿಕೆ ಅವನಿಗೂ ಬಂತು. ನಿದ್ದೆ ಬರುತ್ತಿದೆ, ಬೇವು ಕಹಿಯಿಲ್ಲ, ಚುಚ್ಚಿದ ಗುರುತು ಉರಿಯುತ್ತಿದೆ. ಇನ್ನೇನು ಬೇಕು? ಅಕ್ಕನ ಕೈ ಹಿಡಿದುಕೊಂಡ.

"ಅಕ್ಕಾ, ಪಂಪಿಗೆ ಸಮುದ್ರ ತೋರಿಸ್ಕಂಡ್ ಬಾ. ನಾನು ಬರೀ ಬಾಯಲ್ಲೇ ತೋರಿಸ್ದೆ."

ಪಂಪಿ ಎಲ್ಲಿ ಅನ್ನುವುದು ಊರಿಗೆ ನೆನಪಾದದ್ದೇ ಆಗ. ಹಿಂದಿನ ಡಬ್ಬಿಯಲ್ಲಿ ಆಗಿನಿಂದ ದಬದಬ ಸದ್ದು ಆಗುತ್ತಲೇ ಇತ್ತು. ಗಂಡನ ಗತಿ ಕಂಡು ಪಾಪ ತಲೆ ಚಚ್ಚಿಕೊಳ್ಳುತ್ತಿದ್ದಾಳೆ ಅಂತ ಎಲ್ಲರೂ ಅಂದುಕೊಂಡಿದ್ದರು. ಈಗ ಎಲ್ಲರೂ ಅತ್ತ ತಿರುಗಿದಾಗ ಜೀನ್ಸಿನ ಪರದೆ ಸರಿಯಿತು, ಕಿಟಕಿಯ ಸರಳಿನಿಂದ ಒಂದು ಕೈ ಹೊರಗೆ ಬಂತು. ಮೊಣಕೈವರೆಗೆ ಅಚ್ಚ ನೀಲಿ!

ಜನ ಒಂದೇ ಏಟಿಗೆ ನಾಲ್ಕು ಮಾರು ಹಿಂದೆ ಸರಿದರು. ಅವಳಿಗೂ ಮುಟ್ಟಿದೆ ಅಂದಮೇಲೆ ಹುಳ ಇನ್ನೂ ಗಾಡಿಯ ಒಳಗೇ ಇದೆ! ದೊಣ್ಣೆ ಬಂದವು, ಟಾರ್ಚು ಬಂದವು. ಬಾಗಿಲು ತೆಗೆಯುವ ಮನುಷ್ಯ ಮಾತ್ರ ಬರಲಿಲ್ಲ. ಬಣ್ಣ ಕಣ್ರಪ್ಪೋ ಬಣ್ಣ ಅಂತ ಪಂಪಮ್ಮ ಒಳಗಿಂದ ಕೂಗಿದಳು. ವಿಷ ತಲೆಗೇರಿ ಏನೇನೋ ಬಡಬಡಿಸುತ್ತಿದ್ದಾಳೆಂದು ಹೆಂಗಸರು ಮತ್ತಷ್ಟು ಅತ್ತರು.

ಸಾಯುತ್ತಿದ್ದ ಮರುಳಪ್ಪನಿಗೆ ಅದೆಲ್ಲಿತ್ತೋ ಶಕ್ತಿ. ಜಗಲಿಯಿಂದ ಜಿಗಿದ. ಹಿಡಿಯಲು ಬಂದ ನಾಲ್ಕು ಜನರನ್ನು ತಳ್ಳಿದ. ದೊಣ್ಣೆಯನ್ನೂ ಇಸಿದುಕೊಳ್ಳದೆ, ಟಾರ್ಚನ್ನೂ ಕೇಳದೆ, ಚಿಲಕ ಎಳೆದು ಕತ್ತಲೆ ಡಬ್ಬಿಯೊಳಗೆ ನುಗ್ಗಿಬಿಟ್ಟ.

ಸ್ವಲ್ಪ ಹೊತ್ತಿಗೆ ಪಂಪಮ್ಮ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಇಳಿದಳು. ಆರತಿ ತಟ್ಟೆಯ ಪಕ್ಕದಲ್ಲಿದ್ದ ಚೊಂಬಿನ ನೀರಿಗೆ ಸೆರಗು ಅದ್ದಿ ಅವನ ಮುಖ ತಿಕ್ಕಿದಳು. ಸೆರಗು ನೀಲಿಯಾಯಿತು. ಸೆರಗಿನಗಲ ಮರುಳಪ್ಪ ಹೊರಗೆ ಬಂದ, ತನ್ನ ಹಳೇ ಕಂದು ಬಣ್ಣದಲ್ಲಿ!

ಹಾಗಾದರೆ ಚುಚ್ಚಿದ್ದು? ಕೆಂಪಕ್ಕ ಸುಲಭಕ್ಕೆ ಬಿಡುವವಳಲ್ಲ. ಟಾರ್ಚು ಹಿಡಿದು ಹುಡುಕಿದರೆ ಅವನ ಪಂಚೆಗೆ ಸಿಕ್ಕಿಕೊಂಡೇ ನೇತಾಡುತ್ತಿತ್ತು ಹಾಸಿಗೆ ಹೊಲಿದ ಸೂಜಿ, ಬಾಲದಲ್ಲಿ ಇನ್ನೂ ಗೇಣುದ್ದ ದಾರ. ಬೇವಿನ ಗುಟ್ಟನ್ನು ಪಂಪಮ್ಮನೇ ಹೇಳಿದಳು. ಅಳುತ್ತಿದ್ದವರೆಲ್ಲ ಅದೇ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕ ನಗೆ ಪಕ್ಕದ ಅಗಳಿ ಊರಿಗೂ ಕೇಳಿಸಿರಬೇಕು. ಆಟೊ ಬಂದು ನಿಂತಿತು. ಕರೆತಂದವನಿಗೆ ಯಾರೂ ಏನೂ ಹೇಳಲಾರರು, ನಗುತ್ತಲೇ ಇದ್ದಾರೆ.

ಮರುಳಪ್ಪ ಮಾತ್ರ ನಗಲಿಲ್ಲ. ಜಗಲಿಯ ಮೂಲೆಯಲ್ಲಿ ಮುದುಡಿ ಕೂತ. ಇಷ್ಟೆಲ್ಲ ಆದಮೇಲೆ ಯಾವ ಮುಖ ಹೊತ್ತು ಮುಂದೆ ಹೋಗುವುದು, ಬೆಳಿಗ್ಗೆ ಗಾಡಿ ರಾಯದುರ್ಗಕ್ಕೆ ತಿರುಗಿಸುತ್ತೇನೆ ಅಂದ. ಕೆಂಪಕ್ಕನೂ ಅದೇ ಸರಿ ಅಂದಳು. ಈ ವಯಸ್ಸಿನಲ್ಲಿ ಮನೆ ಹೊತ್ತುಕೊಂಡು ತಿರುಗುವುದು ಬಸವನಹುಳುವಿಗೇ ಇರಲಿ, ಮನುಷ್ಯರಿಗಲ್ಲ ಅಂದಳು. ಪಂಪಮ್ಮ ಕೈ ತಿಕ್ಕಿ ತೊಳೆದುಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು. ಮಧ್ಯಾಹ್ನದಿಂದ ಒಟ್ಟು ಮಾಡಿಟ್ಟ ಬೈಗುಳ ಈಗ ಬರುತ್ತದೆಂದು ಮರುಳಪ್ಪ ತಲೆ ತಗ್ಗಿಸಿದ.

"ಒಳಗ ಹಾವು ಐತಿ ಅಂದ್ರೂ ಬರಿಗೈಲಿ ಬಂದ್ರಲ್ರಿ," ಅಂದಳು ಮೆಲ್ಲಗೆ. "ವಾಪಸ್ ಯಾಕ ಹೋಗಬೇಕು? ನಾಳಿ ತೊಳಕಂಡು ಮುಂದಕ ಹೋಗೂನು."

ಬೆಳಿಗ್ಗೆ ಕೆಂಪಕ್ಕನ ಹೊಲದ ಬೋರಿನ ಪೈಪಿನ ಕೆಳಗೆ ಓಣಿಯ ಹೆಂಗಸರೆಲ್ಲ ಸೇರಿದರು. ನಿನ್ನೆ ಅಳಲು ಬಂದವರೇ ಇವತ್ತು ಒಗೆಯಲು ಬಂದರು, ಒಬ್ಬರನ್ನೂ ಕರೆಯಬೇಕಾಗಲಿಲ್ಲ. ಛಾವಣಿ, ಪರದೆ, ಹಾಸಿಗೆ, ದಿಂಬು ಎಲ್ಲವನ್ನೂ ಕಲ್ಲಿಗೆ ಬಡಿದರು. ಕಾಲುವೆ ನೀಲಿಯಾಗಿ ಹರಿಯಿತು. ಒಣಹಾಕಿದ ಹಸಿ ಪರದೆಗೆ ಮೈ ಉಜ್ಜಿದ ಬಿಳಿ ಕುರಿಮರಿಯೊಂದು ಒಂದು ಪಕ್ಕ ನೀಲಿ, ಒಂದು ಪಕ್ಕ ಬಿಳಿ ಆಗಿ ಮಂದೆ ಸೇರಿತು. ಅದರ ತಾಯಿ ಬಿಳಿ ಪಕ್ಕ ನೋಡಿ ಗುರುತು ಹಿಡಿಯಿತು. ಮರುಳಪ್ಪ ನಿಂತು ಎಲ್ಲ ನೋಡಿದ. ತನ್ನ ಬಟ್ಟೆಗೆ ಬಳ್ಳಾರಿಯಲ್ಲಿ ಏನಾಗುತ್ತಿತ್ತು ಎಂಬುದು ಅವನಿಗೆ ಆವತ್ತು ತಿಳಿಯಿತು. ಊರಿನ ವೆಲ್ಡಿಂಗಿನವನು ಚಿಲಕ ಕಿತ್ತು ಒಳಗಡೆ ಹಾಕಿಕೊಟ್ಟ. ಕೆಂಪಕ್ಕ ರಾಗಿಹಿಟ್ಟು, ಕಡಲೆಕಾಯಿ ತುಂಬಿಕೊಟ್ಟಳು. ದಾರಿಗೆ ಇರಲಿ ಅಂತ ಒಂದು ಕಟ್ಟು ಬೇವಿನ ಸೊಪ್ಪನ್ನೂ.

ತೊಳೆದ ಬಟ್ಟೆ ಕುಗ್ಗಿತ್ತು, ಆ ಒಂದು ಮಾತು ಮರುಳಪ್ಪ ಹೇಳಿದ್ದೇ ಸರಿ. ಪರದೆ ಕಿಟಕಿಯ ಅರ್ಧಕ್ಕೇ ನಿಂತಿತು. ಹಾಸಿಗೆ ಮೊಣಕಾಲಿಗೇ ಮುಗಿದು, ಜೇಬುಗಳು ಬೆನ್ನಿನ ನಡುವಿಗೆ ಬಂದವು. ಸಿದ್ಧೇಶ್ವರನ ಮುಂದೆ ಕೈಮುಗಿದು ನಿಂತಾಗ ಮರುಳಪ್ಪ ಬೇಡಿದ್ದೇನೂ ಇಲ್ಲ. ತನ್ನ ನೆರವಿಗೆ ಓಡಿ ಬಂದ ಊರು, ತಿರುಗಿಹೋಗದ ಹೆಂಡತಿ, ಇಷ್ಟನ್ನೇ ನೆನೆದು ಹಣೆ ನೆಲಕ್ಕೆ ಹಚ್ಚಿ ಎದ್ದ. ಅಲ್ಲಿಂದ ದಾರಿಯುದ್ದಕ್ಕೂ ರಾತ್ರಿ ಕಾಲು ಹಾಸಿಗೆಯ ಹೊರಗೆ ಚಾಚಿ ಮಲಗಿದ, ಒಂದು ದಿನವೂ ಗೊಣಗಲಿಲ್ಲ.

ಕೊನೆಗೂ ರಾಮೇಶ್ವರ ಬಂತು. ಪಂಪಮ್ಮ ಚಪ್ಪಲಿ ಕಳಚಿ ಮರಳಿನ ಮೇಲೆ ನಿಂತಳು. ಮುಂದೆ ಕಣ್ಣು ಮುಟ್ಟುವವರೆಗೂ ನೀಲಿ ಥಾನು ಬಿಚ್ಚಿತ್ತು, ಅಂಚು ಕಾಣದ ಥಾನು. ಮರುಳಪ್ಪ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಹೇಳಲಿಕ್ಕೆಂದು ವರ್ಷಗಳಿಂದ ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು. ನೋಡು, ಕೊಟ್ಟ ಮಾತು ಉಳಿಸಿದೆ ಅಂತಷ್ಟೇ ಅಂದಾನು ಅನ್ನುವಷ್ಟರಲ್ಲಿ ಪಂಪಮ್ಮ ಬಗ್ಗಿ ಸೆರಗಿನ ತುದಿಯನ್ನು ಅಲೆಗೆ ಅದ್ದಿದಳು. ಹಿಂಡಿದಳು. ಅಂಗೈ ಬಿಡಿಸಿ ನೋಡಿಕೊಂಡಳು. ಆಮೇಲೆ ಒದ್ದೆ ಕೈಯನ್ನು ಗಂಡನ ಮುಖದ ಮುಂದೆ ಹಿಡಿದಳು.

"ನೋಡ್ರಿ, ಇದನ್ನ ಯಾರೋ ಪುಣ್ಯಾತ್ಮರು ಮೊದಲಾ ತೊಳದು ಹಾಸ್ಯಾರ. ಒಂದು ಹನಿ ಬಣ್ಣ ಬಿಟ್ಟಿಲ್ಲ."