ಸಂಡಿಗೆಯ ಮೇಲೆ ಸುಣ್ಣ

ಬಾಲ್ಕನಿಯಾಚೆ ಚಾಚಿ ಒಣಹಾಕಿದ್ದ ಕಾಂತಮ್ಮನವರ ಟೊಮೆಟೊ ಸಂಡಿಗೆಯ ಮೇಲೆ ಸುಣ್ಣ ಬಿತ್ತು. ಮಲೇಶಿಯಾದ ಪೆಟಾಲಿಂಗ್ ಜಯಾದ ಆ ಕಟ್ಟಡದಲ್ಲಿ ಎಲೆಯಡಿಕೆ ಹಾಕುವವರು ಒಬ್ಬರೇ: ಅವರ ಮೇಲಿನ ಮನೆಯ ಸುಬ್ರಾಯರು, ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುವ ಉಡುಪಿಯವರು. ಲಾಕ್‌ಡೌನಿನಲ್ಲಿ ಪಾಠವೂ ಮನೆಯಿಂದ, ಜಗಳವೂ ಬಾಲ್ಕನಿಯಿಂದ.

“ಮೇಷ್ಟ್ರೇ, ಬೆರಳು ಒರೆಸ್ಕೊಳ್ಳೋಕೆ ನನ್ನ ಸಂಡಿಗೇನೇ ಬೇಕಿತ್ತಾ?”

“ನಾನಲ್ಲ ಮಾರಾಯ್ರೇ!”

“ಕಾಲು ಮೊದಲೇ ಸರಿಯಿಲ್ಲ. ಈಗ ಕೈಗೆ ಎಂತ ಆಯ್ತು?” ಎಂದಳು ಒಳಗಿಂದ ಹೆಂಡತಿ ಜಲಜಾಕ್ಷಿ.

ಸುಬ್ರಾಯರ ಕಾಲಿನ ಹೆಬ್ಬೆರಳು ಎರಡು ತಿಂಗಳಿಂದ ಬದನೆಕಾಯಿಯ ಹಾಗೆ ಊದಿತ್ತು. ಯೂರಿಕ್ ಆಸಿಡ್ ಎಂದಿದ್ದರು ಡಾಕ್ಟರು. “ಬೇಳೆ ಜಾಸ್ತಿಯಾಯ್ತಂತೆ,” ಎಂದು ಇವರು ಮನೆಯಲ್ಲಿ ವರದಿ ಒಪ್ಪಿಸಿದ್ದರು. ಅಂದಿನಿಂದ ತೊವ್ವೆ ಬಂದ್. ಮನೆಗೊಬ್ಬರೇ ಹೊರಗೆ ಹೋಗಬಹುದಾದ ಆ ದಿನಗಳಲ್ಲಿ ಇವರಿಗೆ ಉಳಿದಿದ್ದ ಸುಖವೆಂದರೆ ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿ ತರಕಾರಿ ತರುವುದು. ಅದಕ್ಕೆ ಮಾತ್ರ ಕುಂಟುತ್ತಲೇ ಓಡುತ್ತಿದ್ದರು.

ಮಧ್ಯಾಹ್ನ ಮತ್ತೆ ಸುಣ್ಣ ಬಿತ್ತು. ಫೋಟೊ ಕಟ್ಟಡದ ವಾಟ್ಸಾಪ್ ಗುಂಪು ಸೇರಿತು. ಕಾವಲುಗಾರ ಬಂದು, “ಸಾರಿ ಲಾ, ಸಾರ್,” ಎನ್ನುತ್ತ ಸುಣ್ಣದ ಡಬ್ಬಿಯನ್ನೇ ಎತ್ತಿಕೊಂಡು ಹೋದ.

ಸಂಜೆ ನಾಲ್ಕಕ್ಕೆ ಕಳ್ಳ ಸಿಕ್ಕಿಬಿದ್ದ. ಸುಬ್ರಾಯರದೇ ಬಾಲ್ಕನಿಯ ಕಂಬಿಯ ಮೇಲೆ ಒಂದು ಗರುಡ ಕೂತು, ಮೀನು ತಿಂದು ಮುಗಿಸಿ, ಬಾಲವೆತ್ತಿ ಬಿಳಿ ಪಿಚಕಾರಿ ಹಾರಿಸಿತು. ಸುಬ್ರಾಯರು ವಿಡಿಯೊ ಹಿಡಿದು, ಕೆಳಗೆ ಬಗ್ಗಿ ಪಾಠವನ್ನೇ ಶುರುಮಾಡಿದರು.

“ಹಕ್ಕಿಗೆ ಉಚ್ಚೆ ಅಂತ ಬೇರೆ ಇಲ್ಲ ಕಾಂತಮ್ಮ. ಮಾಂಸದ ನೈಟ್ರೋಜನ್ ಹೊರಗೆ ಹೋಗ್ಬೇಕಲ್ಲ? ನಾವು ಯೂರಿಯಾ ಮಾಡಿ ನೀರಲ್ಲಿ ಬಿಡ್ತೇವೆ. ಅದು ನೀರು ಉಳಿಸ್ಲಿಕ್ಕೆ ಯೂರಿಕ್ ಆಸಿಡ್ ಮಾಡಿ, ಹೀಗೆ ಬಿಳಿ ಪೇಸ್ಟ್ ಬಿಡ್ತದೆ. ಮಾಂಸ ತಿಂದಷ್ಟೂ ಯೂರಿಕ್ ಆಸಿಡ್ ಜಾಸ್ತಿ!”

“ಅಯ್ಯೋ, ಗರುಡನಾ!” ಕಾಂತಮ್ಮ ಕೆನ್ನೆ ಬಡಿದುಕೊಂಡರು. “ತಪ್ಪಾಯ್ತು ಮೇಷ್ಟ್ರೇ. ತಿಳಿಸಿ ಪುಣ್ಯ ಕಟ್ಕೊಂಡ್ರಿ!” ಹೋದ ವಾರದ ಸಂಡಿಗೆ ಒಂದು ಡಬ್ಬಿ ಮೇಲೆ ಬಂತು. ಹಿಂದೆಯೇ ಸುಣ್ಣದ ಡಬ್ಬಿಯೂ. ಮಾನ ಉಳಿಸಿದ ಗರುಡನಿಗೆ ಸುಬ್ರಾಯರು ಮನಸಾರೆ ಕೈಮುಗಿದರು.

ಊಟಕ್ಕೆ ಕೂತರೆ ಬಟ್ಟಲು ತುಂಬ ಗಟ್ಟಿ ತೊವ್ವೆ! ಅವರಿಗೆ ಕಣ್ಣು ತುಂಬಿ ಬಂತು.

“ಪಾಪ, ಬೇಳೆಯದ್ದು ತಪ್ಪಿಲ್ಲ,” ಎಂದಳು ಜಲಜಾಕ್ಷಿ. “ಎರಡು ತಿಂಗಳು ನಿಲ್ಲಿಸಿದ್ರೂ ಹೆಬ್ಬೆರಳು ಇಳೀಲಿಲ್ಲ. ಇವತ್ತು ನಿಮ್ಮ ಪಾಠ ಕೇಳಿ, ಕೆಳಗೆ ಹೋಗಿ ಕಾರಿನ ಸೀಟಿನಡಿ ನೋಡಿದೆ. ಮಾಮಕ್ ಹೋಟೆಲಿಂದ ಊಟ ಕಟ್ಟಿಸ್ಕೊಂಡು ಬಂದ ತಪಾವ್ ಪೊಟ್ಟಣ. ಬರೀ ಎಲುಬು!”

ಸುಬ್ರಾಯರ ತುತ್ತು ಬಾಯಿಯ ಬಾಗಿಲಲ್ಲೇ ನಿಂತಿತು.

“ಮನೆಗೊಬ್ಬರೇ ಹೋಗ್ಬೇಕಲ್ಲವಾ? ನಾಳೆಯಿಂದ ಆ ಒಬ್ರು ನಾನು. ಸಂಡಿಗೆ ಹಾಕ್ಲಾ?”

“ಹಾಕು ಮಾರಾಯ್ತಿ,” ಎಂದರು ಸುಬ್ರಾಯರು. ಏನೇ ಹೇಳಿ, ತೊವ್ವೆ ಮಾತ್ರ ಬಹಳ ಚೆನ್ನಾಗಿತ್ತು.