ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ಸೋದರತ್ತೆ ಮಣ್ಣು ಕದಿಯುತ್ತಾರೆ! ಬೆಂಗಳೂರಿನಲ್ಲಿ ಮಣ್ಣು ಕದಿಯುವುದೆಂದರೆ ಸೈಟು ಒತ್ತುವರಿ ಎಂದುಕೊಳ್ಳಬೇಡಿ. ಅತ್ತೆ ಕದಿಯುವುದು ಒಂದೇ ಚಮಚ. ಮದುವೆಗೆ ಹೋದರೆ ಛತ್ರದ ಹಿತ್ತಿಲಿನದು, ತಿರುಪತಿಗೆ ಹೋದರೆ ಬೆಟ್ಟದ್ದು. ಬೇರೆಯವರು ಲಾಡು ತಂದರೆ ಇವರು ಮಣ್ಣು ತರುತ್ತಾರೆ.

ಚಾಮರಾಜಪೇಟೆಯ ಈ ಅತ್ತೆ ಮಲ್ಲೇಶ್ವರದ ಪುಟ್ಟ ಪ್ರಯೋಗಾಲಯವೊಂದರಲ್ಲಿ ಸೂಕ್ಷ್ಮಜೀವಿ ಸಾಕುತ್ತಾರೆ. ಮಣ್ಣಿನ ಯಾವುದೋ ಜೀವಿ ಗಂಜಿಯಂಥ ದ್ರವದಲ್ಲಿ ಹುದುಗುವಾಗ ಒಂದು ವಸ್ತುವನ್ನು ಬಿಡುತ್ತದಂತೆ. ತಿಂದ ಅನ್ನವನ್ನು ಸಕ್ಕರೆ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದೂ ಅದೇ. ಅಂಥ ಮಾತ್ರೆ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅದನ್ನು ನುಂಗಿ ಸಂಗೀತ ಕಚೇರಿಗೆ ಹೋದ ಮಾವನ ಹೊಟ್ಟೆ, ಆಲಾಪನೆಯ ನಡುವೆಯೇ ತನಿ ಆವರ್ತನ ಶುರುಮಾಡಿತು! ಮಾವ ಅಂದೇ ಮಾತ್ರೆ ಬಿಟ್ಟರು.

"ಹೊಟ್ಟೆ ಕೆಡಿಸದೇ ಇರೋದನ್ನ ನಾನೇ ಮಾಡ್ತೀನಿ. ಆಮೇಲೆ ಎರಡು ಹೋಳಿಗೆ ತಿನ್ನೋರಂತೆ" ಎಂದು ಅತ್ತೆ ಮಾತು ಕೊಟ್ಟರು. ಮಾವನ ಎಡಗಾಲಿನ ಎರಡು ಬೆರಳುಗಳನ್ನು ಅಷ್ಟರಲ್ಲೇ ಕತ್ತರಿಸಿಯಾಗಿತ್ತು.

ಅತ್ತೆಯದು ಒಂದೇ ವ್ರತ: ಒಂದು ಸಲಕ್ಕೆ ಒಂದೇ ಬದಲಾವಣೆ. ಕಾವು ಬದಲಾದರೆ ಮೇವು ಬದಲಾಗುವಂತಿಲ್ಲ. ಕಡಲೆಕಾಯಿ ಹಿಂಡಿಯ ಬದಲು ಸೋಯಾ ಹಿಟ್ಟು ಹಾಕಿದರೆ ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ? ಒಂದೊಂದು ಬದಲಾವಣೆಗೂ ಏಳು ದಿನ. ಅಡುಗೆಮನೆಯಲ್ಲೂ ಇದೇ ಪಾಡು! ಸಾಂಬಾರಿನಲ್ಲಿ ಉಪ್ಪು, ಹುಳಿ, ಖಾರ ಮೂರೂ ಜಾಸ್ತಿಯಾದಾಗ ಸೋಮವಾರ ಉಪ್ಪು ಇಳಿಯಿತು, ಮಂಗಳವಾರ ಹುಳಿ. ಖಾರದ ಸರದಿ ಬರುವ ಹೊತ್ತಿಗೆ ನಾನು ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿದ್ದೆ.

"ನಾಲ್ಕೈದನ್ನ ಒಟ್ಟಿಗೇ ಬದಲಾಯಿಸಿ ನೋಡೋ ವಿಧಾನ ಇದೆಯಂತಲ್ಲ ಅತ್ತೆ? ಬೇಗ ಮುಗಿಯುತ್ತಂತೆ" ಎಂದೆ ಒಮ್ಮೆ.

"ಅವಸರ ಇರೋರು ಮಾಡ್ಕೊಳ್ಲಿ."

ಮಂಚದ ಮೇಲಿಂದ ಮಾವ, "ನಂಗೆ ಸ್ವಲ್ಪ ಅವಸರ ಇದೆ ಕಣೇ" ಎಂದರು.

ಮೂವರೂ ನಕ್ಕೆವು. ಆ ನಗುವನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಪಾದ ಹೋಯಿತು. ಆಮೇಲೆ ಮೊಣಕಾಲಿನವರೆಗೂ ಹೋಯಿತು. ಪ್ರಯೋಗಾಲಯದಿಂದ ಔಷಧಿ ಅಂಗಡಿಗೆ ಎಷ್ಟೋ ವರ್ಷಗಳ ದಾರಿಯೆಂದು ಇಬ್ಬರಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಕಳೆದ ಶ್ರಾವಣದಲ್ಲಿ ಮಾವ ತೀರಿಕೊಂಡರು. ಹೆಂಗಸರು ಬರಬಾರದು ಎಂದವರನ್ನು ಲೆಕ್ಕಿಸದೆ ಸ್ಮಶಾನಕ್ಕೆ ಬಂದ ಅತ್ತೆ, ಎಲ್ಲರೆದುರೇ ಚಮಚ ತೆಗೆದು ಒಂದಿಷ್ಟು ಮಣ್ಣು ಕಟ್ಟಿಕೊಂಡರು. ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು! ನಾನು ಅತ್ತೆಯ ಮೇಲೆ ರೇಗಿಬಿಟ್ಟೆ.

ತಿಂಗಳ ನಂತರ ಒಂದು ಬೆಳಿಗ್ಗೆ ಮನೆಗೆ ಹೋದೆ. ಮಾವನ ಮಂಚ, ಊರುಗೋಲು, ಬಲಗಾಲಿನ ಒಂಟಿ ಚಪ್ಪಲಿ ಎಲ್ಲವೂ ಇದ್ದಲ್ಲೇ ಇದ್ದವು. ಅತ್ತೆ ನನಗೊಂದು ಲೋಟ ಕಾಫಿ ಕೊಟ್ಟರು. ಸಕ್ಕರೆ ಹಾಕದ ಇನ್ನೊಂದು ಲೋಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು.

ನಾನು ಮೆಲ್ಲನೆ, "ಇದನ್ನೆಲ್ಲ ತೆಗೆದಿಡಲಾ ಅತ್ತೆ?" ಎಂದು ಚಪ್ಪಲಿಗೆ ಕೈಹಾಕಿದೆ.

"ಬೇಡ ಕಣೋ. ಒಂದು ಸಲಕ್ಕೆ ಒಂದೇ" ಎಂದರು ಅತ್ತೆ. "ಈ ಸಲ ಅವರು ಹೋಗಿದಾರೆ. ಬೇರೆ ಏನನ್ನೂ ಮುಟ್ಬೇಡ."