ಮೂರನೇ ಮಹಡಿಯ ಮೀಸೆಗೆ ಒಂದು ಬಿನ್ನಹ

ನಮ್ಮ ಕಟ್ಟಡದ ಎರಡನೇ ಮಹಡಿಯಿಂದ ಐದನೇ ಮಹಡಿಯವರೆಗೆ ವ್ಯಾಪಿಸಿರುವ, ಹಾಜಿ ಮಿತ್ವಲ್ಲಿ ಶಾಹೀನ್ ಅವರ ಭಾವಚಿತ್ರವೆಂಬ ಮಾನ್ಯರೇ,

ತಮ್ಮ ಗಲ್ಲಕ್ಕೂ ಹಣೆಗೂ ನಡುವಿನ ಸಮಸ್ತ ಪ್ರದೇಶಕ್ಕೂ ಕೈರೋದ ಶುಬ್ರಾ ಬಡಾವಣೆಯ ಈ ಓಣಿಯ ಸಲಾಮು ಸಲ್ಲಲಿ. ತಮ್ಮ ಬಣ್ಣ ಬಿಸಿಲಿಗೆ ಮಾಸದಿರಲಿ, ತಮ್ಮ ನಾಲ್ಕು ಮೂಲೆಗಳ ಹಗ್ಗ ಮರಳುಗಾಳಿಗೆ ಸಡಿಲದಿರಲಿ. ಈ ಪತ್ರವನ್ನು ತಮ್ಮ ಮೂಲಪುರುಷರಾದ ಹಾಜಿಯವರಿಗೆ ಬರೆಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಹಾಜಿಯವರನ್ನು ಈ ಓಣಿಯಲ್ಲಿ ಕಂಡವರು ಯಾರೂ ಇಲ್ಲ; ತಮ್ಮನ್ನಾದರೋ ಕಾಣದಿರಲು ಯಾರಿಗೂ ಸಾಧ್ಯವಿಲ್ಲ.

ನನ್ನ ಹೆಸರು ರಾವ್ಯಾ ಅಬ್ದುಸ್ಸಮೀ. ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೈರೋದ ಒಂದು ಸಣ್ಣ ಪ್ರಕಾಶನದಲ್ಲಿ ಪರರ ತಪ್ಪುಗಳನ್ನು ತಿದ್ದುತ್ತ, ಮೂರನೇ ಮಹಡಿಯಲ್ಲಿ, ಅಂದರೆ ಈಗಿನ ಲೆಕ್ಕದಲ್ಲಿ ತಮ್ಮ ಮೀಸೆಯ ಹಿಂದೆ, ವಾಸವಾಗಿದ್ದೇನೆ. ಚುನಾವಣೆ ಘೋಷಣೆಯಾದ ವಾರ ಒಂದು ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಬಂದವಳು ಎದುರಿಗೆ ಆಕಾಶವಿಲ್ಲದ್ದನ್ನು ಕಂಡು, ಪತ್ರಿಕೆಯಲ್ಲಿ ಹೇಳದೆಯೇ ಗ್ರಹಣ ಹಿಡಿಯಿತೇ ಎಂದು ಒಂದು ಕ್ಷಣ ಗಾಬರಿಯಾದೆ. ಆಮೇಲೆ ಬ್ಯಾನರಿನ ಬಟ್ಟೆಯಲ್ಲಿ ಬೆಳಕು ತೂರಿ ಬರುತ್ತಿದ್ದ ಕಡೆ ತಮ್ಮ ಹಲ್ಲುಗಳು ಹಿಂದುಮುಂದಾಗಿ ಕಾಣಿಸಿದವು. ಓದು ಬಾರದ ಮತದಾರರಿಗಾಗಿ ತಮಗೆ ಕೊಟ್ಟಿರುವ ಗುರುತು ಟೇಬಲ್ ಫ್ಯಾನು ಎಂಬುದು ಬೀದಿಗಿಳಿದು ನೋಡಿದಾಗ ತಿಳಿಯಿತು. ಇಡೀ ಕಟ್ಟಡದ ಗಾಳಿಯನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸಿದ ವಸ್ತುವಿನ ಮೇಲೆ ಫ್ಯಾನಿನ ಚಿತ್ರ ಬರೆಸುವುದಕ್ಕೆ ಎಂಥ ಆತ್ಮವಿಶ್ವಾಸ ಬೇಕು! ಇಂಥವರು ಶಾಸನಸಭೆಯಲ್ಲಿ ಇರಲೇಬೇಕು.

ಗಾಳಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ನನ್ನ ಸಂಕಟವೆಲ್ಲ ಎದುರು ಕಟ್ಟಡದ ಮೂರನೇ ಮಹಡಿಯ ಇನ್ಸಾಫ್ ಅವರದು. ನಾನು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಈ ನಿವೃತ್ತ ದರ್ಜಿಗೆ ಮಂಡಿನೋವು, ಕಣ್ಣಿಗೆ ಪೊರೆ; ಇಳಿಯಲಾರರು, ಓದಲಾರರು. ಓಣಿಯ ಅಗಲ ಅಷ್ಟಕ್ಕಷ್ಟೇ ಇರುವುದರಿಂದ ಎಷ್ಟೋ ವರ್ಷಗಳಿಂದ ಪ್ರತಿದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಾನು ನನ್ನ ಬಾಲ್ಕನಿಯಲ್ಲಿ ನಿಂತು ಹಳೆಯ ಕವನಗಳನ್ನು ಗಟ್ಟಿಯಾಗಿ ಓದುತ್ತೇನೆ, ಅವರು ತಮ್ಮ ಬಾಲ್ಕನಿಯಲ್ಲಿ ಕುಳಿತು ಬೆಂಡೆಕಾಯಿ ಹೆಚ್ಚುತ್ತ ಕವಿಗಳನ್ನು ಬೈಯುತ್ತಾರೆ. ತಾವು ಆಗಮಿಸುವ ಹಿಂದಿನ ದಿನ ನಾನು ಓದುತ್ತಿದ್ದ ಕವನದಲ್ಲಿ, ಪ್ರೇಯಸಿ ಬಿಟ್ಟುಹೋದ ಬಿಡಾರದ ಮುಂದೆ ಸವಾರನೊಬ್ಬ ಒಂಟೆಯಿಂದ ಇಳಿಯುತ್ತಿದ್ದ. ಆ ಸಾಲು ಮುಗಿಯುವ ಮೊದಲೇ ಕರೆಂಟ್ ಹೋಗಿ, ನೀರಿನ ಪಂಪು ನಿಂತು, ಇದ್ದ ನೀರು ಹಿಡಿದಿಡಲು ಒಳಗೆ ಹೋಗಿ, ಉಳಿದದ್ದನ್ನು ನಾವು ನಾಳೆಗೆ ಇಟ್ಟುಕೊಂಡೆವು.

ನಾಳೆ ಬಂದಾಗ ತಾವಿದ್ದಿರಿ. ತಮ್ಮ ದಪ್ಪ ಬಟ್ಟೆಯ ಆಚೆಯಿಂದ ಇನ್ಸಾಫ್ ಕೂಗುತ್ತಿದ್ದದ್ದು ದಿಂಬಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು: "ರಾವ್ಯಾ! ಆ ಪುಣ್ಯಾತ್ಮ ಇಳಿದ್ನೋ ಇಲ್ವೋ? ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಕೊಂಡು ಎಷ್ಟು ದಿನ ಅಂತ ಇರ್ತಾನೆ ಮಗಳೇ!"

ಈಗ ಒಂದು ನಿವೇದನೆ. ತಮ್ಮ ತುಟಿಗಳ ನಡುವೆ ಕತ್ತರಿ ಆಡಿಸಿದವಳು ನಾನೇ. ಮೂಗನ್ನೋ ಕಣ್ಣನ್ನೋ ಆರಿಸಬಹುದಿತ್ತು. ಆದರೆ ಸಾರ್ವಜನಿಕ ವ್ಯಕ್ತಿಯ ಮುಖದಲ್ಲಿ ತೆರೆದರೆ ಯಾರಿಗೂ ಅಸಹಜ ಅನ್ನಿಸದ ಭಾಗ ಬಾಯಿಯೊಂದೇ ಎಂದು ಗೌರವಪೂರ್ವಕವಾಗಿ ತೀರ್ಮಾನಿಸಿದೆ. ತರಕಾರಿ ಬುಟ್ಟಿಯನ್ನೂ ಅಲ್ಲಿಂದಲೇ ಹಗ್ಗದಲ್ಲಿ ಇಳಿಬಿಟ್ಟೆ. ತಮ್ಮ ಬಾಯಿಂದ ಬುಟ್ಟಿ ಇಳಿದು, ರೊಟ್ಟಿ ಸೊಪ್ಪು ತುಂಬಿಕೊಂಡು ಮತ್ತೆ ಬಾಯಿಯೊಳಗೇ ಹೋಗುವುದನ್ನು ನೋಡಿದ ಓಣಿಯವರು ಇದರಲ್ಲಿ ಹೊಸದೇನಿದೆ ಎಂದು ತಂತಮ್ಮ ಕೆಲಸಕ್ಕೆ ಹೋದರು.

ಆದರೆ ನಾನು ಅದೇ ಬಾಯಲ್ಲಿ ಕವನ ಶುರು ಮಾಡಿ, ಸವಾರ ಕಾಲೆತ್ತಿದ ಎನ್ನುವಷ್ಟರಲ್ಲಿ ಕೆಳಗಿನ ಇಸ್ತ್ರಿ ಅಂಗಡಿಯ ಉಸ್ತಾ, ಅಂದರೆ ಮೇಸ್ತ್ರಿ, ಬಿಶಾರಾ ತಲೆಯೆತ್ತಿ, "ಹಾಜೀ, ಈ ಚರಂಡಿ ಯಾವಾಗ ರಿಪೇರಿ ಮಾಡಿಸ್ತೀರಿ?" ಎಂದು ಕೇಳಿದರು.

"ನಾನು ರಾವ್ಯಾ, ಉಸ್ತಾ," ಎಂದೆ.

"ಗೊತ್ತು ಅಬ್ಲಾ, ಅಕ್ಕನ ದನಿ ಗೊತ್ತಾಗಲ್ವೇ. ನಿಮ್ಮ ಹತ್ರ ಅಲ್ಲ, ಬಾಯಿ ಹತ್ರ ಮಾತಾಡ್ತಿದೀನಿ. ನೀವು ಮಧ್ಯೆ ಬರಬೇಡಿ."

ಚರಂಡಿಯ ವಿಷಯ ನನಗೆ ಗೊತ್ತಿಲ್ಲದ್ದರಿಂದ ಗೊತ್ತಿಲ್ಲ ಎಂದೆ. ಬಿಶಾರಾ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆಯೇ ಬಿಟ್ಟು ಬೀದಿಗೆ ಓಡಿಬಂದರು. "ಕೇಳಿದ್ರೇನ್ರೋ! ಗೊತ್ತಿಲ್ವಂತೆ! ಎಲ್ಲಾ ಗೊತ್ತಿರೋರಿಗೆ ವೋಟ್ ಹಾಕಿ ಹಾಕಿ ನಮ್ಮ ಬೆರಳು ಸವೆದಿದ್ವು. ಗೊತ್ತಿಲ್ಲ ಅನ್ನೋ ಗಂಡಸು ಕೊನೆಗೂ ಹುಟ್ಟಿದಾನೆ!"

ಅಂದಿನಿಂದ ಅಕ್ಕಪಕ್ಕದ ಓಣಿಗಳವರೂ ಬಂದು ತಮ್ಮ ಮುಖದ ಕೆಳಗೆ ನಿಲ್ಲತೊಡಗಿದರು. ಸಕ್ಕರೆ ಯಾಕೆ ಸಿಗುತ್ತಿಲ್ಲ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಮಗಳನ್ನು ಕೊಲ್ಲಿ ದೇಶದಲ್ಲಿರುವ ವರನಿಗೆ ಕೊಡಲೋ ಬೇಡವೋ ಎಂದು ತಾಯಿಯೊಬ್ಬಳು ಕೇಳಿದಳು. ಮಗಳನ್ನೇ ಕೇಳಿ ಎಂದೆ, ಚಪ್ಪಾಳೆ ಬಿತ್ತು. ಯಾರಿಗೂ ಉತ್ತರ ಸಿಗಲಿಲ್ಲ, ಎಲ್ಲರೂ ತೃಪ್ತರಾಗಿ ಮನೆಗೆ ಹೋದರು. ಪ್ರತಿ ಸಂಜೆಯೂ ಸವಾರ ಕಾಲೆತ್ತಿದ. ಪ್ರತಿ ಸಂಜೆಯೂ ಜನಹಿತಕ್ಕಾಗಿ ಕಾಲನ್ನು ಮತ್ತೆ ಒಂಟೆಯ ಮೇಲಿಟ್ಟ. ಎದುರಿನಿಂದ ಇನ್ಸಾಫ್ ಸಿಡುಕುತ್ತಿದ್ದರು: "ದೇಶ ಎಲ್ಲಿಗೂ ಓಡಿಹೋಗಲ್ಲ ಮಗಳೇ, ಮೊದ್ಲು ಅವನನ್ನ ಇಳಿಸು! ನನ್ನ ವಯಸ್ಸಿಗೆ ಬಾಕಿ ಇಡೋ ಕವನ ಒಳ್ಳೇದಲ್ಲ."

ತಾವು ಗೆದ್ದಿರಿ. ಅಭಿನಂದನೆಗಳು. ಮಾರನೆಯ ದಿನ ತಮ್ಮ ಪ್ರಚಾರದ ಮುಖ್ಯಸ್ಥರಾದ ಗಲಾಲ್ ಎಂಬ ಸಭ್ಯರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಸೋಫಾದ ತುದಿಯಲ್ಲಿ ಕುಳಿತು, ಹೀಗೆಂದರು: "ಅಬ್ಲಾ, ಹಾಜಿಯವರಿಗೆ ತುಂಬಾ ಖುಷಿಯಾಗಿದೆ. ಒಂದೇ ಒಂದು ಮಾತು. 'ಗೊತ್ತಿಲ್ಲ' ಅನ್ನೋದು ಚುನಾವಣೆಗೆ ಚೆಂದ. ಗೆದ್ದ ಮೇಲೆ 'ಪರಿಶೀಲನೆಯಲ್ಲಿದೆ' ಅನ್ಬೇಕು. ಸಂಜೆ ಹೊತ್ತು ಅದೊಂದು ಹೇಳ್ತಿರಿ, ಸಾಕು."

ನನಗೆ ಸಂಜೆ ಒಬ್ಬರನ್ನು ಒಂಟೆಯಿಂದ ಇಳಿಸುವ ಕೆಲಸವಿದೆ ಎಂದು ವಿನಯದಿಂದ ಹೇಳಿದೆ. ಅವರು ನನ್ನ ಚಹಾ ಕುಡಿದು, ನನ್ನ ಆರೋಗ್ಯಕ್ಕಾಗಿ ಪ್ರಾರ್ಥಿಸಿ ಹೋದರು. ಮಾರನೆಯ ದಿನ ಕೃತಜ್ಞತೆಯ ಹೊಸ ಬ್ಯಾನರಾಗಿ ತಾವು ಮತ್ತೆ ಅವತರಿಸಿದಿರಿ: ಎರಡು ಪದರ, ರಬ್ಬರಿನಂಥ ಹಾಳೆ, ಮುಚ್ಚಿದ ತುಟಿಯ ನಗು. ಈ ಸಲ ಕತ್ತರಿಯೇ ಬಾಗಿತು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳನ್ನು ಸಲ್ಲಿಸುತ್ತೇನೆ. ದಿನಕ್ಕೊಮ್ಮೆ ಅಸರ್ ನಂತರ ತಾವು ದೀರ್ಘವಾಗಿ ಆಕಳಿಸಬೇಕು. ಆಕಳಿಕೆ ತಮ್ಮ ಸ್ಥಾನಕ್ಕೆ ತಕ್ಕುದಲ್ಲವೆಂದಾದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ನೈಲ್ ನದಿಯ ಕಡೆ ನೋಡಬೇಕು. ಅದೂ ಆಗದಿದ್ದರೆ ಇನ್ನೂ ಸಣ್ಣ ಕ್ಷೇತ್ರವೊಂದರ ಪ್ರತಿನಿಧಿಯಾಗಿ, ಅದಕ್ಕೆ ತಕ್ಕಷ್ಟು ಸಣ್ಣ ಮುಖ ಹೊಂದಬೇಕು.

ಬರೆದಿಟ್ಟ ಈ ಬೇಡಿಕೆಗಳು ನನ್ನ ಮೇಜಿನ ಮೇಲೆಯೇ ಪರಿಶೀಲನೆಯಲ್ಲಿರುವಾಗ ನಿನ್ನೆ ಇನ್ಸಾಫ್ ಅವರ ಕೂಗು ಕೇಳಿಸಲಿಲ್ಲ. ಆ ದಿನದ ಸಿಟ್ಟಿಗೆ ದನಿ ಸಾಲಲಿಲ್ಲವೋ, ಇನ್ನೇನೋ ಆಯಿತೋ ಎಂದು ಪುಸ್ತಕ ಹಿಡಿದು ಕುಳಿತೆ, ನಿಂತೆ, ಕೊನೆಗೆ ಮನೆಯುಡುಗೆಯಲ್ಲೇ ಮೆಟ್ಟಿಲಿಳಿದು, ಓಣಿ ದಾಟಿ, ಎದುರು ಕಟ್ಟಡದ ಮೆಟ್ಟಿಲು ಹತ್ತಿದೆ. ಇಷ್ಟು ವರ್ಷಗಳಲ್ಲಿ ನಾನು ಅವರ ಮನೆಗೆ ಹೋದದ್ದು ಅದೇ ಮೊದಲು. ನಮ್ಮಲ್ಲಿ ಮನೆಗೆ ಹೋಗುವುದೆಂದರೆ ಒಳ್ಳೆಯ ಬಟ್ಟೆ, ಸಿಹಿತಿಂಡಿಯ ಪೊಟ್ಟಣ, ಬೇಡವೆಂದರೂ ಮೂರು ಸಲ ಊಟಕ್ಕೆ ಒತ್ತಾಯ. ಬಾಲ್ಕನಿಯ ಸ್ನೇಹಕ್ಕೆ ಇದಾವುದೂ ಬೇಡ. ಬೇಡವಾಗಿದ್ದರಿಂದ ಹೋಗಿರಲೇ ಇಲ್ಲ.

ಬಾಗಿಲು ಅರ್ಧ ತೆರೆಯಿತು. "ಯಾರು?"

"ನಾನು ಖಾಲ್ತಿ, ರಾವ್ಯಾ."

"ರಾವ್ಯಾ ಎದುರುಗಡೆ ಇರ್ತಾಳೆ. ನೀನ್ಯಾರು?"

ಗುರುತಿನ ಚೀಟಿ ತೋರಿಸಿದರೆ ಅವರ ಕಣ್ಣಿಗೆ ಕಾಣದು. ಹೊಸ್ತಿಲಲ್ಲೇ ನಿಂತು, ಸವಾರ ಕಾಲೆತ್ತುವ ಸಾಲನ್ನು ಹೇಳಿದೆ. ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ಕುಳ್ಳೀನಾ ನೀನು! ಅಲ್ಲಿ ಸ್ಟೂಲ್ ಮೇಲೆ ನಿಲ್ತಿದ್ಯಾ?" ಎಂದರು. ಆಮೇಲೆ ನನ್ನ ತೋಳನ್ನು ಬಿಡಲೇ ಇಲ್ಲ.

ಅವರ ಬಾಲ್ಕನಿಯಲ್ಲಿ, ತಮ್ಮ ಮುಖಕ್ಕೆ ನೇರವಾಗಿ, ಒಂದೇ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಸವಾರ ಇಳಿದ. ಬಿಡಾರದಲ್ಲಿ ಯಾರೂ ಇರಲಿಲ್ಲ. ಅವನು ಅತ್ತ, ಇನ್ಸಾಫ್ ಅತ್ತರು, ನಾನು ಕನ್ನಡಕ ಒರೆಸಿಕೊಂಡೆ.

ಹೀಗಾಗಿ ತಾವು ನಮ್ಮ ನಡುವಿನಿಂದ ಸರಿಯಬೇಕೆಂಬ ಮೇಲಿನ ಬೇಡಿಕೆಗಳನ್ನು ಇನ್ಸಾಫ್ ಅವರ ಆಕ್ಷೇಪಣೆಯ ಮೇರೆಗೆ ಹಿಂತೆಗೆದುಕೊಳ್ಳುತ್ತಿದ್ದೇನೆ. "ಇರ್ಲಿ ಬಿಡು," ಎಂದಿದ್ದಾರೆ ಅವರು, "ನಾವು ಮಾತಾಡುವಾಗ ಒಬ್ಬ ಗಂಡಸು ಬಾಯಿ ಮುಚ್ಕೊಂಡು ಕೇಳೋದನ್ನ ನಾನು ಇದೇ ಮೊದಲು ನೋಡ್ತಿರೋದು." ನನ್ನ ಮನೆಯ ಕತ್ತಲೆಯ ಕುರಿತ ದೂರು ಮಾತ್ರ ಹಾಗೆಯೇ ಇದೆ, ಆದರೆ ಸಂಜೆಗಳಲ್ಲಿ ಆ ಮನೆಯಲ್ಲಿ ಇನ್ನು ಮುಂದೆ ಯಾರೂ ಇರುವುದಿಲ್ಲ.

ತಮ್ಮ ಎಡಮೀಸೆಯ ನೆರಳಿನಿಂದ,
ತಮ್ಮ ವಿಶ್ವಾಸಿ
ರಾವ್ಯಾ ಅಬ್ದುಸ್ಸಮೀ

ಮರೆತ ಮಾತು: ಕವನ ಮುಗಿದ ಮೇಲೆ ಇನ್ಸಾಫ್ ಕಣ್ಣೊರೆಸಿಕೊಂಡು ತಮ್ಮನ್ನು ಬಹಳ ಹೊತ್ತು ದಿಟ್ಟಿಸಿದರು. ತಾವು ಅದೇ ನಗು ನಗುತ್ತಿದ್ದಿರಿ. "ಇವನಿಗೆ ಅರ್ಥ ಆದ ಹಾಗಿಲ್ಲ," ಎಂದರು, "ಮೊದಲಿಂದ ಓದು."